ನಮ್ಮನೆಯವರು ಮಾಡಿದ ಬಿಲ್ಲು

ಹೋದ ವಾರ ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಮನೆಗೆ ಬಣ್ಣ ಹೊಡೆಯುವವರು ಬಂದಿದ್ದರು. ಬಣ್ಣದವರು ಬಂದರೆಂದರೆ ಮನೆಯ ಮಾನವೆಲ್ಲ ಅಂಗಳಕ್ಕೆ ಬಂದಂತೆ. ಬೀರುವಿನ ಹಿಂದಿನಿಂದ ನಾಲ್ಕು ವರ್ಷದ ಕೆಳಗೆ ಕಳೆದುಹೋಗಿದ್ದ ಕನ್ನಡಕ ಸಿಕ್ಕಿತು. ಮಂಚದ ಅಡಿಯಿಂದ ಯಾರದೋ ಮದುವೆಯಲ್ಲಿ ಕೊಟ್ಟ, ಇನ್ನೂ ಕಾಗದ ಬಿಚ್ಚದ ಸ್ಟೀಲ್ ಡಬ್ಬಿ ಸಿಕ್ಕಿತು. ಹಾಲ್‌ನ ಗೋಡೆಯಿಂದ ಗಡಿಯಾರ ಇಳಿಯಿತು, ಕ್ಯಾಲೆಂಡರ್ ಇಳಿಯಿತು, ಕೊನೆಗೆ ಬಿಲ್ಲೂ ಇಳಿಯಿತು. ಬಣ್ಣದವರಲ್ಲಿ ಹಿರಿಯನಾದವನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಬಾ, ಆ ಶುಂ ಛೇ?" ಎಂದು ನನ್ನನ್ನು ಕೇಳಿದ. ಅಮ್ಮಾ, ಇದೇನು ಅಂತ.

ನಮ್ಮನೆಯವರಿಗೆ ಈಗ ಕಿವಿ ಮಂದ. "ಸೊಪ್ಪು ತನ್ನಿ" ಎಂದು ಎದುರಿಗೆ ನಿಂತು ಕೂಗಿದರೂ ಕೇಳಿಸುವುದಿಲ್ಲ. ಆದರೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದವರಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಚಪ್ಪಲಿ ಸಹ ಮೆಟ್ಟದೆ ಓಡಿ ಬಂದರು. "ಧನುಷ್ಯ ಭಾಯಿ, ಧನುಷ್ಯ! ಮೇಂ ಬನಾವ್ಯುಂ. ಮಾರಾ ಹಾಥೇ!" ನಾನು ಮಾಡಿದ್ದು, ನನ್ನ ಕೈಯಾರೆ. ಇಷ್ಟು ವರ್ಷ ಗುಜರಾತಿನ ನೀರು ಕುಡಿದರೂ ಅವರ ಗುಜರಾತಿ ಇನ್ನೂ ಧಾರವಾಡದ ಓಣಿಯಲ್ಲೇ ಓಡಾಡುತ್ತದೆ. ನಾನು ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ನೀವು ನಮ್ಮ ಮನೆಗೆ ಒಮ್ಮೆಯಾದರೂ ಬಂದು ಚಹಾ ಕುಡಿದಿದ್ದರೆ ಈ ಬಿಲ್ಲಿನ ಕಥೆ ಕೇಳಿಯೇ ಇರುತ್ತೀರಿ. ಮಾವ ಪಣ ಒಡ್ಡಿದ್ದು, ಇವರು ಮರ ಹುಡುಕಿದ್ದು, ಹಗಲಿರುಳು ಕೆತ್ತಿದ್ದು, ಹೆಣ್ಣು ಗೆದ್ದದ್ದು. ಒಳ್ಳೆಯ ಕಥೆ. ಕೇಳಿದವರೆಲ್ಲ ನನ್ನ ಕಡೆ ತಿರುಗಿ "ಪುಣ್ಯವಂತೆ" ಎನ್ನುತ್ತಾರೆ. ನಾನು ಇನ್ನೊಂದು ಚಕ್ಕುಲಿ ಹಾಕಿ ಸುಮ್ಮನಾಗುತ್ತೇನೆ. ಇವತ್ತು ಚಕ್ಕುಲಿ ಇಲ್ಲ, ಆದ್ದರಿಂದ ನಿಜ ಹೇಳುತ್ತೇನೆ. ಆ ಬಿಲ್ಲನ್ನು ಮಾಡಿದ್ದು ನಾನು.

ಬಿಲ್ಲಿಗೆ ಬರುವ ಮೊದಲು ನನ್ನ ಎಡಗೈಯ ವಿಷಯ ಹೇಳಿಬಿಡಬೇಕು. ನಾನು ಹುಟ್ಟಾ ಎಡಚಿ. ಅಮ್ಮನಿಗೆ ಇದು ಗೊತ್ತಾದದ್ದು ನನ್ನ ಅನ್ನಪ್ರಾಶನದ ದಿನವಂತೆ. ಬೆಳ್ಳಿ ಬಟ್ಟಲಿಗೆ ಎಡಗೈ ಹಾಕಿದ್ದೇ ತಡ, ಅಜ್ಜಿಯರೆಲ್ಲ "ಅಯ್ಯಯ್ಯೋ" ಎಂದರಂತೆ. ಅಂದಿನಿಂದ ಅಮ್ಮ ಆ ಕೈಯ ಮೇಲೆ ಯುದ್ಧ ಸಾರಿದಳು. ಊಟಕ್ಕೆ ಕೂತಾಗ ರಿಬ್ಬನ್ನಿನಿಂದ ಅದನ್ನು ಲಂಗದ ಲಾಡಿಗೆ ಕಟ್ಟುತ್ತಿದ್ದಳು. ಬಾಯಿಗೆ ಹೋಗದಿರಲೆಂದು ಬೆರಳಿಗೆ ಹಾಗಲಕಾಯಿ ರಸ ಹಚ್ಚುತ್ತಿದ್ದಳು, ಇದರಿಂದ ನಾನು ಕಲಿತದ್ದು ಹಾಗಲಕಾಯಿ ತಿನ್ನುವುದನ್ನು. ಶಾಲೆಯಲ್ಲಿ ಮೇಷ್ಟ್ರು ಅಡಿಪಟ್ಟಿಯಿಂದ ಅಮ್ಮನ ಕೆಲಸ ಮುಂದುವರಿಸಿದರು. ಹೀಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಬರೆಯುವುದು, ಉಣ್ಣುವುದು, ಬಡಿಸುವುದು, ಆರತಿ ಎತ್ತುವುದು ಎಲ್ಲ ಬಲಗೈಗೆ ಬಂತು. ಎಡಗೈ ಮಾತ್ರ ಸತ್ತಿರಲಿಲ್ಲ. ಯಾರೂ ನೋಡದಾಗ ಸೂಜಿ, ಕತ್ತರಿ, ಈಳಿಗೆಮಣೆಯ ಕೆಲಸವನ್ನೆಲ್ಲ ಕದ್ದು ಮಾಡುತ್ತಿತ್ತು, ಬಲಗೈಗಿಂತ ಅಚ್ಚುಕಟ್ಟಾಗಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ನಮ್ಮ ಮನೆಯಲ್ಲಿ ಎಡಗೈ ಮಾಡಿದ್ದು ಅಮ್ಮನಿಗೆ ಗೊತ್ತಾಗಬಾರದಿತ್ತು.

ಈ ಯುದ್ಧದಲ್ಲಿ ಅಪ್ಪ ಯಾವ ಕಡೆಗಿದ್ದರು ಎಂದು ಕೇಳಬೇಡಿ. ಅವರು ಪೇಪರಿನ ಹಿಂದಿದ್ದರು. ರಿಬ್ಬನ್ ಕಟ್ಟಿಸಿಕೊಂಡು ಕಣ್ಣೀರು ಸುರಿಸುತ್ತ ಸಾರನ್ನ ಕಲಸುವಾಗ, ಈಗ ಅಪ್ಪ ಪೇಪರ್ ಇಳಿಸುತ್ತಾರೆ, ಈಗ "ಬಿಡೇ ಮಗೀನ್ನ" ಅನ್ನುತ್ತಾರೆ ಎಂದು ಎಷ್ಟು ದಿನ ಕಾದಿದ್ದೇನೋ. ಪೇಪರ್ ಇಳಿಯಲಿಲ್ಲ. ಬಹಳ ವರ್ಷ ಇದು ನನ್ನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಅಪ್ಪ ರೈಲ್ವೆಯಲ್ಲಿ ಡ್ರಾಫ್ಟ್ಸ್‌ಮನ್. ತುಮಕೂರಿನ ಕಡೆಯವರು, ವರ್ಗವಾಗಿ ವರ್ಗವಾಗಿ ಅರವತ್ತರ ದಶಕದಲ್ಲಿ ನಾವು ಬರೋಡಾಕ್ಕೆ ಬಂದು ಬಿದ್ದಿದ್ದೆವು. ಈಗ ಎಲ್ಲರೂ ವಡೋದರಾ ಅನ್ನುತ್ತಾರೆ, ನನ್ನ ಬಾಯಿಗೆ ಬರೋಡಾವೇ ರುಚಿ. ಅಪ್ಪನಿಗೆ ಜಗತ್ತೆಲ್ಲ ನಕ್ಷೆ. ಅಮ್ಮ ಹೊಸ ಒಲೆ ಬೇಕೆಂದರೆ ಮೊದಲು ಒಲೆಯ ನಕ್ಷೆ ಆಗಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು, ಸೀಳಿ ನೋಡಿದರೆ ಹೇಗೆ ಕಾಣುತ್ತದೆಂದು ಇನ್ನೊಂದು. ಒಲೆ ಬರುವಷ್ಟರಲ್ಲಿ ಅಮ್ಮನಿಗೆ ಅಡುಗೆಯೇ ಬೇಡವಾಗಿರುತ್ತಿತ್ತು. ಇನ್ನೊಂದು ಅಭ್ಯಾಸ ಅವರಿಗೆ ಆಫೀಸಿನಿಂದ ಬಂದದ್ದು. ಷೆಡ್ಡೋ ಸೇತುವೆಯೋ ಕಟ್ಟಿ ಮುಗಿದ ಮೇಲೆ ಕೆಂಪು ಶಾಯಿ ತೆಗೆದುಕೊಂಡು ಹೋಗಿ, ಅದು ನಿಜವಾಗಿ ಹೇಗೆ ಎದ್ದು ನಿಂತಿದೆಯೋ ಹಾಗೆ ಹಳೆಯ ನಕ್ಷೆಯನ್ನು ತಿದ್ದಿ ಇಡುತ್ತಿದ್ದರು. "ಕಟ್ಟಿದ್ದು ನಕ್ಷೆ ಥರಾ ಇಲ್ಲ ಅಂತ ಕಟ್ಟಡ ಒಡೆಯಕ್ಕಾಗುತ್ತಾ? ಗಟ್ಟಿಯಾಗಿ ನಿಂತಿದ್ರೆ ನಕ್ಷೆ ತಿದ್ದಬೇಕು" ಎನ್ನುತ್ತಿದ್ದರು. ನನಗೆ ಆಗ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಅವರ ಊರಿನಲ್ಲಿ ವಿಜಯದಶಮಿಯ ಸಂಜೆ ಬಾಳೆಕಂದು ನೆಟ್ಟು ಅದಕ್ಕೆ ಬಾಣ ಬಿಡುವ ಪದ್ಧತಿ. ಅಂಬು ಹೊಡೆಯೋದು ಎನ್ನುತ್ತಾರೆ. ಊರು ಬಿಟ್ಟರೂ ಅಪ್ಪ ಅದನ್ನು ಬಿಟ್ಟಿರಲಿಲ್ಲ. ಮನೆತನದ ಹಳೆಯ ಬಿಲ್ಲೊಂದು ನಮ್ಮ ಜೊತೆ ಊರೂರು ಅಲೆದಿತ್ತು. ಬರೋಡಾಕ್ಕೆ ವರ್ಗವಾದಾಗ ಅಮ್ಮ ಹಾಸಿಗೆ ಸುರುಳಿಯ ಹಗ್ಗ ಬಿಗಿಯಲು ಕೈಗೆ ಸಿಕ್ಕಿದ ಕೋಲನ್ನು ತೂರಿಸಿ ತಿರುವಿದಳು. ಪಟ್ ಎಂದಿತು. ಆ ಕೋಲು ಯಾವುದೆಂದು ನಾನು ಹೇಳಬೇಕಿಲ್ಲ. ಅಪ್ಪ ಮೂರು ದಿನ ಅಮ್ಮನ ಜೊತೆ ಮಾತು ಬಿಟ್ಟರು. ಅಮ್ಮನಿಗೆ ಅದು ಗಮನಕ್ಕೇ ಬರಲಿಲ್ಲ.

ಇನ್ನು ನಮ್ಮನೆಯವರ ಪ್ರವೇಶ. ಆಗ ಅವರು ಬರಿಯ ಕುಲಕರ್ಣಿ. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಫತೇಗಂಜಿನಲ್ಲಿ ಒಂದು ತಿಂಡಿ ಅಂಗಡಿಯ ಮಹಡಿಯ ಮೇಲೆ ಕೋಣೆ, ಹೊಟ್ಟೆ ತುಂಬ ಕರಿದ ಎಣ್ಣೆಯ ವಾಸನೆ, ತಲೆ ತುಂಬ ಜೋಳದ ರೊಟ್ಟಿಯ ನೆನಪು. ಬರೋಡಾದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆ, ಹಾಗಾಗಿ ಭಾನುವಾರದ ಊಟಕ್ಕೆ ನಮ್ಮಲ್ಲಿ ಹಾಜರಿ. ಅಮ್ಮ ಮುದ್ದೆ ಇಟ್ಟರೆ ಅದನ್ನು ನೋಡುತ್ತ, "ಇದನ್ನ ಹೆಂಗ ತಿನ್ನೋದ್ರೀ, ಅಗೀಬೇಕೋ ನುಂಗಬೇಕೋ?" ಎಂದು ಕೇಳುತ್ತಿದ್ದರು. ನಾನು ಯುನಿವರ್ಸಿಟಿಯಲ್ಲಿ ಬಾಟನಿ ಓದುತ್ತಿದ್ದೆ, ಫತೇಗಂಜಿನ ಮೇಲೆಯೇ ನನ್ನ ದಾರಿ. ದಾರಿಯಲ್ಲಿ ಸಿಕ್ಕಾಗ ಮಾತು, ಮಾತಿನಲ್ಲಿ ನಗು, ಆರು ತಿಂಗಳಲ್ಲಿ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದೆವು. ಅಪ್ಪನಿಗೆ ಹೇಳುವುದೊಂದು ಬಾಕಿ. ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ವರನ ಜಾತಕ ಬಂದು ದೇವರ ಮುಂದೆ ಕೂತಿತ್ತು. ಫೋಟೋದಲ್ಲಿ ಹಣೆ ಎಲ್ಲಿ ಮುಗಿಯುತ್ತದೆಂದು ನನಗೆ ತಿಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಅವರ ಮನೆಯವರು ಬರುವುದೆಂದು ಮಾತಾಗಿತ್ತು.

ಗಣೇಶನ ಹಬ್ಬದ ದಿನ ಕುಲಕರ್ಣಿ ಕಡುಬು ತಿಂದ ಧೈರ್ಯದಲ್ಲಿ ಅಪ್ಪನ ಮುಂದೆ ನಿಂತು ಕೇಳಿಯೇಬಿಟ್ಟರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಪ್ಪ ಅವರ ಕೈಗಳನ್ನೇ ನೋಡಿದರು. ಆಮೇಲೆ ಕೇಳಿದರು: "ಸೈನ್ ಹಾಕೋದು, ಸೀಲ್ ಒತ್ತೋದು ಬಿಟ್ಟು ಕೈಯಲ್ಲಿ ಇನ್ನೇನು ಮಾಡಕ್ಕೆ ಬರುತ್ತಪ್ಪಾ ನಿಂಗೆ?"

ಅಲ್ಲಿ ಸತ್ಯ ಹೇಳಿ ತಲೆ ತಗ್ಗಿಸಿದ್ದರೆ ಆಗುತ್ತಿತ್ತು. ನಮ್ಮನೆಯವರ ಬಾಯಿ ಅವರಿಗಿಂತ ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ. "ಏನ್ ಬೇಕಾದ್ರೂ ಮಾಡ್ತೀನ್ರಿ ಸರ. ನಮ್ಮ ಮನೆತನದಾಗ ಎಲ್ಲಾರೂ ಕೈಗೆಲಸದವ್ರ."

"ಸರಿ ಹಾಗಾದ್ರೆ. ನನ್ನ ಬಿಲ್ಲು ಮುರಿದುಹೋಗಿದೆ. ವಿಜಯದಶಮಿಗೆ ಒಂದು ಬಿಲ್ಲು ಮಾಡ್ಕೊಂಡು ಬಾ. ಅಂಗಡೀದಲ್ಲ, ಕೈಯಲ್ಲಿ ಮಾಡಿದ್ದು. ಎಳೆದಾಗ ಮುರೀದೆ ಬಾಣ ಬಿಟ್ರೆ ಬೆಂಗಳೂರಿಗೆ ಕಾಗದ ಬರೀತೀನಿ, ಬರಬೇಡಿ ಅಂತ. ಇಲ್ದಿದ್ರೆ ನೀನು ಭಾನುವಾರ ಬೇರೆ ಕಡೆ ಊಟ ನೋಡ್ಕೋ."

ತ್ರೇತಾಯುಗದಲ್ಲಿ ಬಿಲ್ಲು ಮುರಿದವನಿಗೆ ಹೆಣ್ಣು ಕೊಟ್ಟರಂತೆ. ಮುರಿಯುವುದಕ್ಕೇನು, ನಮ್ಮಮ್ಮನೂ ಮುರಿದಿದ್ದಳು. ಮರುದಿನವೇ ಅಪ್ಪ ಬಿಲ್ಲಿನ ನಕ್ಷೆ ಬರೆದು, ಕೆಳಗೆ ಬರೆದವರು, ಮಾಡಿದವರು, ದಿನಾಂಕ, ಷರಾ ಎಂದು ಚೌಕಗಳನ್ನು ಗೀರಿ, ಕುಲಕರ್ಣಿಯ ಕೈಗಿಟ್ಟರು. "ಕೆಲಸ ಆದಮೇಲೆ ವಾಪಸ್ ಕೊಡ್ಬೇಕು" ಎಂದೂ ಹೇಳಿದರು.

ನಮ್ಮ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಮಣಿಕಾಕಾ ಎಂಬ ಬಡಗಿಯ ಷೆಡ್ ಇತ್ತು. ಗಾಡಿಯ ಮೂಕಿ, ನೊಗ, ಕೊಡಲಿಯ ಕಾವು ಮಾಡುತ್ತಿದ್ದ ಮುದುಕ. ಪೂರ್ವದ ಕಾಡಿನ ಕಡೆಯವನು, ಅಲ್ಲಿ ಬಿಲ್ಲು ಮಾಡದ ಮನೆಯಿಲ್ಲವಂತೆ. ಕುಲಕರ್ಣಿ ನಕ್ಷೆ ಹಿಡಿದು ಅಲ್ಲಿಗೆ ಹೋದರು. ಮಣಿಕಾಕಾ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ತುಂಬ ಚೆನ್ನಾಗಿದೆಯೆಂದು ಹೇಳಿ, ಅದರ ಮೇಲೆ ಚಹಾದ ಗ್ಲಾಸು ಇಟ್ಟನಂತೆ. ಆಮೇಲೆ ಒಂದು ಮರದ ಸೀಳು ಕೊಟ್ಟು ಮಾಡು ಎಂದ. ಬಿಲ್ಲು ಅಂದರೆ ಕೋಲು ಬಾಗಿಸಿ ದಾರ ಕಟ್ಟುವುದೆಂದು ನಮ್ಮನೆಯವರ ನಂಬಿಕೆ. ನಾಲ್ಕು ದಿನ ಕೆತ್ತಿದರು. ಐದನೆಯ ದಿನ ನಾನು ಕಾಲೇಜಿನಿಂದ ಬರುವಾಗ ಹಣಕಿ ನೋಡಿದರೆ, ಇವರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾರೆ, ಮಣಿಕಾಕಾನ ಹೆಂಡತಿ ಆ ಬಿಲ್ಲಿನಿಂದ ಬಟ್ಟೆ ಬಡಿಯುತ್ತಿದ್ದಾಳೆ.

"ಶಾರದಾ ಅವ್ರ, ನನ್ನ ಕೈಲೆ ಆಗೂದಿಲ್ರಿ," ಎಂದರು. ನಗಾಡುತ್ತ ಹೇಳಲಿಲ್ಲ. ಕಣ್ಣು ಕೆಂಪಾಗಿತ್ತು. "ಬೆಂಗಳೂರಿನಂವ ಛಲೋ ಇದ್ದಾನಂತ. ನೀವು..."

"ನೀವು ಬಾಯಿ ಮುಚ್ಚಿ," ಎಂದೆ. ಗಂಡನಾಗುವವನಿಗೆ ನಾನು ಆಡಿದ ಮೊದಲ ಬಿರುನುಡಿ ಅದು. ಆಮೇಲೆ ಲೆಕ್ಕ ಇಟ್ಟಿಲ್ಲ. ನನಗೆ ಆಗ ಬಂದ ಸಿಟ್ಟು ಅವರ ಮೇಲಲ್ಲ, ಅಪ್ಪನ ಮೇಲೆ, ಆ ಹಣೆಯ ಮೇಲೆ, ದೇವರ ಮುಂದಿನ ಜಾತಕದ ಮೇಲೆ. ಪುಸ್ತಕವನ್ನು ಅವರ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿ, ಮಣಿಕಾಕಾನ ಮುಂದೆ ಕೂತೆ. ಇನ್ನೊಂದು ಸೀಳು ಕೊಡಿ ಎಂದೆ.

ಮಣಿಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎದ್ದು ಹೋಗಿ ಮಾಡಿನ ಜಂತಿಯ ಮೇಲಿನಿಂದ ಎರಡು ಮಳೆಗಾಲ ಒಣಗಿದ ಧಾಮಣ್ ಮರದ ಬೊಡ್ಡೆ ಇಳಿಸಿದ. ನಮ್ಮ ಕಡೆ ತಡಸಲು ಅನ್ನುವ ಮರ ಅದೇ. ಗಾಡಿಯ ಮೂಕಿಗೆಂದು ಇಟ್ಟಿದ್ದನಂತೆ. ಗರಗಸ ಮುಟ್ಟಲಿಲ್ಲ, ಬೆಣೆ ಬಡಿದು ಸೀಳಿದ. "ಗರಗಸ ತನ್ನ ಮಾತೇ ಆಡ್ತದೆ, ಬೇನ್. ಬೆಣೆ ಮರದ ಮಾತು ಕೇಳ್ತದೆ." ತೊಗಟೆಯ ಕಡೆಯ ಮೈ ಬಿಲ್ಲಿನ ಹೊರಮೈ, ಅದಕ್ಕೆ ಉಳಿ ತಾಗಿಸಲೇಬಾರದು, ಅಲ್ಲಿನ ಒಂದು ಎಳೆ ಕಡಿದರೆ ಎಳೆದಾಗ ಅಲ್ಲೇ ಸೀಳುತ್ತದೆ. ತೆಗೆಯುವುದೆಲ್ಲ ಒಳಮೈಯಿಂದ. ಮೊದಲು ಬಾಚಿ, ಆಮೇಲೆ ಉಜ್ಜುಗೊರಡು, ಕೊನೆಗೆ ಒಡೆದ ಗಾಜಿನ ಚೂರಿನಿಂದ ಹೆರೆಯುವುದು. "ಧೀಮೇ ಧೀಮೇ, ಬೇನ್, ನಿಧಾನಕ್ಕೆ. ತೆಗೆದದ್ದನ್ನ ದೇವರೂ ವಾಪಸ್ ಅಂಟಿಸಲ್ಲ."

ಅರ್ಧ ಗಂಟೆಯಾಗಿರಬೇಕು. ತಲೆ ಎತ್ತಿದರೆ ಮಣಿಕಾಕಾ ನನ್ನ ಕೈಯನ್ನೇ ನೋಡುತ್ತಿದ್ದ. ಬಾಚಿ ಎಡಗೈಯಲ್ಲಿತ್ತು. ನನಗೆ ತಿಳಿಯದೇ ಹೋಗಿ ಕೂತಿತ್ತು ಅದು. ಕದ್ದು ಸಿಕ್ಕಿಬಿದ್ದಂತೆ ತಟ್ಟನೆ ಕೈ ಬದಲಾಯಿಸಿದೆ.

"ಡಾಬೋಡಿ?" ಎಂದ. ಎಡಚಿಯೇ?

ತಲೆ ತಗ್ಗಿಸಿ ಹೂಂ ಎಂದೆ.

"ಸಾರುಂ," ಎಂದ. ಒಳ್ಳೇದು. "ನನಗೆ ಕಲಿಸಿದವನೂ ಡಾಬೋಡಿ. ಯಾಕೆ ಬದಲಾಯಿಸಿದೆ? ನಡೆಸು ನಡೆಸು."

ಇಪ್ಪತ್ತು ವರ್ಷದಲ್ಲಿ ನನ್ನ ಎಡಗೈ ನೋಡಿ ಮುಖ ಸಿಂಡರಿಸದವನು ಆ ಮುದುಕ ಒಬ್ಬನೇ. ನನಗೆ ಅಳು ಬಂತು, ಮರದ ಧೂಳೆಂದು ಕಣ್ಣು ಒರೆಸಿಕೊಂಡೆ.

ಹಾಗೆ ಒಂದು ತಿಂಗಳು ನಡೆಯಿತು. ದಿನಾ ಮಧ್ಯಾಹ್ನ ಬಾಟನಿ ಪ್ರಾಕ್ಟಿಕಲ್ ಎಂದು ಮನೆಯಲ್ಲಿ ಹೇಳುತ್ತಿದ್ದೆ, ಸುಳ್ಳೇನಲ್ಲ, ಮರವೇ ತಾನೆ. ಅಮ್ಮ ಜಡೆ ಹಾಕುವಾಗ ಮರದ ಹೊಟ್ಟು ಉದುರಿ, "ಏನೇ ಇದು, ಪ್ರಾಕ್ಟಿಕಲ್ಲಲ್ಲಿ ಮರ ಕೊರೆಯೋ ಹುಳ ಮಾಡ್ತಾರೇನೇ ನಿಮ್ಮನ್ನ?" ಎಂದು ಕೇಳಿದಳು. ಹೂಂ ಎಂದೆ. ನಮ್ಮನೆಯವರು ಆಫೀಸಿನ ಊಟದ ಬಿಡುವಿನಲ್ಲಿ ಸೈಕಲ್ ತುಳಿದುಕೊಂಡು ಬಂದು, ಎದುರಿನ ದಿಮ್ಮಿಯ ಮೇಲೆ ಕೂತು, ಚಹಾ ಕುಡಿಯುತ್ತ ನನಗೆ ಸಲಹೆ ಕೊಡುತ್ತಿದ್ದರು. "ಸ್ವಲ್ಪ ಆ ಕಡೆ ದಪ್ಪ ಆಗೇತಲ್ರೀ." ಈಗಲೂ ನಾನು ಚಪಾತಿ ಲಟ್ಟಿಸುವಾಗ ಅದೇ ಮಾತು, ಅದೇ ಧ್ವನಿ. ಹೆದೆಯ ಕೆಲಸ ಮಾತ್ರ ನಿಜವಾಗಿ ಅವರದು. ಮೊದಲು ಆಫೀಸಿನಿಂದ ಫೈಲು ಕಟ್ಟುವ ಕೆಂಪು ಲಾಡಿ ತಂದರು, ಅದು ಒಂದೇ ಎಳೆತಕ್ಕೆ ಹರಿಯಿತು. ಆಮೇಲೆ ಭಾನುವಾರ ರೈಲು ಹತ್ತಿ ಅಹಮದಾಬಾದಿಗೆ ಹೋಗಿ ಗಾಳಿಪಟದ ದಾರದ ಉಂಡೆ ತಂದು, ಹದಿನಾರು ಎಳೆ ಕೂಡಿಸಿ ಹೊಸೆದು ಜೇನುಮೇಣ ತಿಕ್ಕಿದರು. ಬೆರಳೆಲ್ಲ ಗೆರೆಗೆರೆ ಕೊಯ್ದುಹೋಗಿತ್ತು. ಅದನ್ನು ತೋರಿಸಿದಾಗ ಇವರನ್ನೇ ಕಟ್ಟಿಕೊಳ್ಳಬೇಕೆಂದು ನನಗೆ ಇನ್ನೂ ಗಟ್ಟಿಯಾಯಿತು.

ಕೊನೆಯ ವಾರ ಬಿಲ್ಲನ್ನು ಗೋಡೆಯ ಗೂಟಕ್ಕೆ ಅಡ್ಡ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ಮಣಿಕಾಕಾ ಕೆಳಗೆ ಎಳೆಯುವುದು, ನಾನು ದೂರ ನಿಂತು ಎರಡು ತೋಳೂ ಒಂದೇ ಸಮ ಬಾಗುತ್ತಿವೆಯೋ ಎಂದು ನೋಡುವುದು. ಬಿಗುವಾಗಿ ನಿಂತ ಕಡೆ ಇದ್ದಿಲಿನಿಂದ ಗುರುತು ಹಾಕಿ ಗಾಜಿನಿಂದ ನಾಲ್ಕು ಸಲ ಹೆರೆ, ಮತ್ತೆ ಎಳೆ, ಮತ್ತೆ ನೋಡು. ಪ್ರತಿ ಎಳೆತಕ್ಕೂ ನನ್ನ ಮದುವೆ ಕಿರ್ ಎನ್ನುತ್ತಿತ್ತು. ಮುರಿಯಲಿಲ್ಲ. ಕೊನೆಗೆ ಹಿಡಿಕೆ ಕೆತ್ತುವ ದಿನ ಮಣಿಕಾಕಾ "ಹಿಡಿಯೋ ಕೈ ತೋರಿಸು" ಎಂದ. ಬಿಲ್ಲು ನನಗೇ ಎಂದುಕೊಂಡಿದ್ದ ಪಾಪ. ನಾನೂ ಯೋಚಿಸದೆ ಬಲಗೈ ಚಾಚಿದೆ, ಎಡಗೈಯಿಂದ ಎಳೆಯುವವಳು ಬಲಗೈಯಲ್ಲಿ ತಾನೆ ಹಿಡಿಯುವುದು. ಹಿಡಿಕೆಯನ್ನು ನನ್ನ ಬಲ ಅಂಗೈಗೆ ಸರಿಯಾಗಿ ಕೆತ್ತಿದೆ, ಬಾಣ ಕೂರುವ ಸಣ್ಣ ಕಚ್ಚನ್ನೂ ಬಿಲ್ಲಿನ ಬಲ ಮಗ್ಗುಲಿಗೆ ಕೊರೆದೆ. ಹರಳೆಣ್ಣೆ ತಿಕ್ಕಿ, ಹೊಟ್ಟಿನ ಮೂಟೆಗೆ ಹತ್ತು ಬಾಣ ಬಿಟ್ಟೆ, ಏಳು ನೆಟ್ಟವು. ಆ ಸಂತೋಷದಲ್ಲಿ ಒಂದು ಸಣ್ಣ ವಿಷಯ ಮರೆತೇಹೋಯಿತು. ಜಗತ್ತಿನ ಎಲ್ಲ ಬಲಗೈಯವರಂತೆ ಕುಲಕರ್ಣಿಗೆ ಬೇಕಾದದ್ದು ಇದರ ತದ್ವಿರುದ್ಧ. ಅಪ್ಪನ ನಕ್ಷೆಯಲ್ಲೂ ಕಚ್ಚು ಎಡ ಮಗ್ಗುಲಲ್ಲೇ ಇತ್ತು, ಚಹಾದ ಕಲೆಯ ಕೆಳಗೆ.

ವಿಜಯದಶಮಿಯ ಸಂಜೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಬಾಳೆಕಂದು ನೆಟ್ಟಾಯಿತು. ಕನ್ನಡದ ಮನೆಯವರೆಲ್ಲ ಸೇರಿದ್ದರು, ಪಕ್ಕದ ಮನೆಯ ಭಾನುಬೇನ್ ದಸರೆಗೆಂದು ಕಡಲೆಹಿಟ್ಟಿನ ಫಾಫ್ಡಾ, ಜಿಲೇಬಿ ತಂದು ಎಲ್ಲರಿಗೂ ಹಂಚುತ್ತಿದ್ದಳು. ಕುಲಕರ್ಣಿ ಜುಬ್ಬ ಹಾಕಿಕೊಂಡು ಬಂದು, ಬಿಲ್ಲನ್ನೂ ನಕ್ಷೆಯನ್ನೂ ಅಪ್ಪನ ಕೈಗೆ ಕೊಟ್ಟರು. ಅಪ್ಪ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿದರು. ಉಗುರಿನಿಂದ ಗೀರಿದರು. ಎಡಗೈಯಲ್ಲಿ ಹಿಡಿದರು, ಹಿಡಿಕೆ ಕೂರಲಿಲ್ಲ. ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಗ ನನಗೆ ಹೊಳೆಯಿತು. ಕೈಯಲ್ಲಿದ್ದ ಕೋಸಂಬರಿಯ ತಟ್ಟೆ ಕೆಳಗಿಟ್ಟೆ. ಆಯಿತು, ಬೆಂಗಳೂರೇ ಗತಿ ಎಂದುಕೊಂಡೆ.

"ನೀನು ಎಡಚನೇನಪ್ಪಾ?" ಅಪ್ಪ ಕೇಳಿದರು.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಕಣ್ಣಿನಲ್ಲೇ ಹೂಂ ಅನ್ನಿ, ಹೂಂ ಅನ್ನಿ ಎಂದು ಬೇಡಿಕೊಂಡೆ. ನಮ್ಮನೆಯವರು ಅದನ್ನು ಬೈಗುಳವೆಂದು ತಿಳಿದು ಎದೆ ಉಬ್ಬಿಸಿದರು. "ಛೇ ಛೇ ಛೇ! ಅಂಥಾ ಐಬು ಇಲ್ರಿ ಸರ ನಮ್ಮ ಮನೆತನದಾಗ. ನಾ ಶುದ್ಧ ಬಲಗೈ!"

ಅಪ್ಪ ಹೂಂಕರಿಸಿ, "ಹೊಡಿ ನೋಡೋಣ" ಎಂದರು.

ಕುಲಕರ್ಣಿ ತಿರುಗಾಮುರುಗಾ ಹಿಡಿದು, ಕಣ್ಣು ಎರಡೂ ಮುಚ್ಚಿ, ಬಿಟ್ಟರು. ಬಾಣ ಬಾಳೆಕಂದನ್ನು ಬಿಟ್ಟು, ಜನರನ್ನು ಬಿಟ್ಟು, ಕಾಂಪೌಂಡಿನ ಮೇಲೆ ಹಾರಿ, ಹಗ್ಗದ ಮೇಲೆ ಒಣಗುತ್ತಿದ್ದ ಭಾನುಬೇನಳ ಕೌದಿಗೆ ನೆಟ್ಟಿತು. "ಹಾಯ್ ಹಾಯ್, ಮಾರೀ ಗೋದಡೀ!" ಎಂದು ಆಕೆ ಜಿಲೇಬಿ ತಟ್ಟೆಯ ಸಮೇತ ಓಡಿದಳು. ಬಯಲೆಲ್ಲ ನಗು. ನಾನು ಮಾತ್ರ ನಗಲಿಲ್ಲ.

ಅಪ್ಪ ಕೈಚಾಚಿ ಬಿಲ್ಲು ತೆಗೆದುಕೊಂಡರು. ಈ ಸಲ ಬಲಗೈಯಲ್ಲಿ ಹಿಡಿದರು. ಎಡಗೈಯಿಂದ ಹೆದೆ ಎಳೆದರು. ಐವತ್ತು ದಾಟಿದ ಮನುಷ್ಯ, ಜನ್ಮದಲ್ಲಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದವರಲ್ಲ, ತುಟಿ ಕಚ್ಚಿ ಎಳೆದರು. ಬಿಲ್ಲು ಪೂರ್ತಿ ಬಾಗಿತು, ಕಿರ್ ಎನ್ನಲಿಲ್ಲ. ಬಾಣ ಬಾಳೆಕಂದಿನ ಬುಡಕ್ಕೆ ಹೋಗಿ ಕಚ್ಚಿತು. "ವಯಸ್ಸಾಯ್ತು, ಕೈ ಯಾವುದು ಅಂತಾನೂ ಗೊತ್ತಾಗ್ತಿಲ್ಲ ಇವರಿಗೆ" ಎಂದು ಅಮ್ಮ ಪಕ್ಕದವರಿಗೆ ಹೇಳಿದಳು. ನನಗೂ ಆ ಹೊತ್ತಿನಲ್ಲಿ ಹಾಗೇ ಅನ್ನಿಸಿತು.

"ಬಿಲ್ಲಲ್ಲಿ ತಪ್ಪಿಲ್ಲ," ಎಂದರು ಅಪ್ಪ. "ಮಾಡಿದ ಕೈ ಒಳ್ಳೇ ಕೈ ಕುಲಕರ್ಣಿ. ಅದನ್ನ ಬಿಡಬೇಡ."

"ಇನ್ನೂ ಅಭ್ಯಾಸ ಮಾಡ್ತೀನ್ರಿ ಸರ," ಎಂದರು ಇವರು, ಜಿಲೇಬಿ ಬಾಯಲ್ಲಿಟ್ಟುಕೊಂಡು.

ಮರುದಿನ ಬೆಂಗಳೂರಿಗೆ ಕಾಗದ ಹೋಯಿತು. ಮಾರ್ಗಶಿರದಲ್ಲಿ ನನ್ನ ಮದುವೆಯಾಯಿತು. ಬಿಲ್ಲು ಬಳುವಳಿಯಾಗಿ ನಮ್ಮ ಹಿಂದೆಯೇ ಬಂತು. ಇವರು ಅಂದಿನಿಂದ ಕಥೆ ಹೇಳಲು ಶುರು ಮಾಡಿದರು. ಮೊದಮೊದಲು "ನಾವಿಬ್ಬರೂ ಮಾಡಿದ್ವಿ" ಎನ್ನುತ್ತಿದ್ದರು, ಹತ್ತು ವರ್ಷದಲ್ಲಿ "ನಾ ಮಾಡಿದೆ" ಆಯಿತು, ಈಗ ಅವರಿಗೇ ಅದು ನಿಜವೆಂದು ನಂಬಿಕೆ. ನಾನೂ ತಿದ್ದಲಿಲ್ಲ. ನಿಜ ಹೊರಬಿದ್ದರೆ ಅಪ್ಪ ಮೋಸಹೋದಂತಾಗುತ್ತದಲ್ಲ ಎಂಬ ಅಳುಕು. ಅಪ್ಪ ಹೋದ ಮೇಲೆ ಬಾಯಿ ಬಿಡುವ ಮನಸ್ಸೂ ಹೋಯಿತು.

ಬಣ್ಣದವರಿಗೆ ಹಿಂತಿರುಗೋಣ. ಇವರು ಹಾಲ್‌ನಲ್ಲಿ ಕಥೆಯನ್ನು ಹೆಣ್ಣು ಗೆಲ್ಲುವ ಭಾಗದವರೆಗೆ ತಂದಿದ್ದಾಗ, ಇನ್ನೊಬ್ಬ ಅಟ್ಟದಿಂದ ಒಂದು ತಗಡಿನ ಕೊಳವೆ ಇಳಿಸಿದ. ಅಪ್ಪ ನಕ್ಷೆಗಳನ್ನು ಸುತ್ತಿಡುತ್ತಿದ್ದ ಕೊಳವೆ. ಅವರು ತೀರಿಕೊಂಡಾಗ ಹಂಚಿಕೆಯಲ್ಲಿ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದದ್ದು, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಮುಚ್ಚಳ ತುಕ್ಕು ಹಿಡಿದಿತ್ತು, ತಿರುವಿದೆ. ಯಾವುದೋ ಗೂಡ್ಸ್ ಷೆಡ್, ಯಾವುದೋ ನೀರಿನ ಟ್ಯಾಂಕು, ಅಮ್ಮನ ಒಲೆ. ಎಲ್ಲಕ್ಕಿಂತ ಒಳಗೆ, ಚಹಾದ ಗ್ಲಾಸಿನ ದುಂಡು ಕಲೆ ಹೊತ್ತ ಒಂದು ಹಾಳೆ.

ಬಿಲ್ಲಿನ ನಕ್ಷೆ. ಎಡ ಮಗ್ಗುಲಿನ ಕಚ್ಚನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಬಲ ಮಗ್ಗುಲಿಗೆ ಬರೆದಿದ್ದರು. ಹಿಡಿಕೆಯನ್ನೂ ಬಲ ಅಂಗೈಗೆ ತಕ್ಕಂತೆ ಹೊಸದಾಗಿ ಬರೆದಿದ್ದರು, ನಾನು ಕೆತ್ತಿದ್ದಂತೆಯೇ, ಕೂದಲೆಳೆ ವ್ಯತ್ಯಾಸವಿಲ್ಲದೆ. ಕೆಳಗೆ ಬರೆದವರು ಎಂಬಲ್ಲಿ ಅವರ ಸಹಿ. ದಿನಾಂಕ, ಅದೇ ವಿಜಯದಶಮಿಯದು. ಮಾಡಿದವರು ಎಂಬಲ್ಲಿ, ಮುದ್ದಾದ ಅಚ್ಚಿನಂಥ ಅಕ್ಷರದಲ್ಲಿ, ಶಾರದಾ. ಕೊನೆಯ ಚೌಕದಲ್ಲಿ ಒಂದೇ ಸಾಲು.

ಷರಾ: ಎಡಗೈ. ತಿದ್ದುಪಡಿ ಬೇಕಿಲ್ಲ.

ನಾನು ಅಲ್ಲೇ ಬಣ್ಣದ ಡಬ್ಬಿಗಳ ಮಧ್ಯೆ ನೆಲದ ಮೇಲೆ ಕೂತು ಅತ್ತೆ. ಈ ವಯಸ್ಸಿನಲ್ಲಿ, ಬಣ್ಣದವರ ಎದುರಿಗೆ. ಅಪ್ಪ ಪೇಪರ್ ಇಳಿಸಿದ್ದರು, ನಾನು ನೋಡಿರಲಿಲ್ಲ. ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಪ್ಪಾ ಎಂದು ಬೈದುಕೊಂಡೇ ಅತ್ತೆ.

ನಮ್ಮನೆಯವರು ಬಂದು, ಕನ್ನಡಕ ಏರಿಸಿ, ಹಾಳೆಯನ್ನು ಎರಡು ಸಲ ಓದಿದರು.

"ಹಂಗಾರ ಮಾವನವ್ರಿಗೆ ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ನನಗ ನಿನ್ನ ಕೊಟ್ಟರು?"

"ಅದೇ ನನಗೂ ಆಶ್ಚರ್ಯ ಕಣ್ರೀ," ಎಂದೆ, ಮೂಗು ಒರೆಸಿಕೊಂಡು.

ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಬಣ್ಣದವನ ಕಡೆ ತಿರುಗಿ, ತಮ್ಮ ಧಾರವಾಡದ ಗುಜರಾತಿಯಲ್ಲಿ, ಇದನ್ನು ಇವಳು ಮಾಡಿದ್ದು ಭಾಯಿ, ದಾರ ಮಾತ್ರ ನಂದು ಎಂದರು. ಬಣ್ಣದವನು ನನ್ನನ್ನೂ ಬಿಲ್ಲನ್ನೂ ನೋಡಿ, "ವಾಹ್ ಬಾ" ಎಂದ.

ಬಣ್ಣ ಒಣಗಿದ ಮೇಲೆ ಬಿಲ್ಲನ್ನು ಮೊದಲಿನ ಜಾಗದಲ್ಲೇ ತೂಗುಹಾಕಿ, ನಕ್ಷೆಗೆ ಕಟ್ಟು ಹಾಕಿಸಿ ಪಕ್ಕದಲ್ಲಿ ಹಾಕಿದೆವು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಸಾರಿನ ಸೌಟನ್ನು ಎಡಗೈಯಲ್ಲಿ ಹಿಡಿದು ಅವರ ತಟ್ಟೆಯ ಮೇಲೆ ಎತ್ತಿದೆ. ಇವರು ಸೌಟು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ನಾನು ಸೌಟಿನಿಂದಲೇ ಗೋಡೆಯ ಮೇಲಿನ ನಕ್ಷೆ ತೋರಿಸಿದೆ. ಅವರು ಸುಮ್ಮನೆ ತಟ್ಟೆ ಮುಂದಕ್ಕೆ ಸರಿಸಿದರು.